ಅರ್ಧ ಬಲದ ಯೋಗ

ಸ್ಯಾಟಲೈಟ್ ಬಸ್ ನಿಲ್ದಾಣ ಬಾಪೂಜಿ ನಗರಕ್ಕೆ ಕೂಗಳತೆಯ ದೂರದಲ್ಲಿದೆ. ಅಲ್ಲಿಂದ ಹೊರಟ ಮೈಸೂರು ಬಸ್ಸು ಸುಮಾರು 140 ಕಿಲೋಮೀಟರ್ ಓಡಿ ಮುಟ್ಟುವ ಊರಿನಲ್ಲಿ, ಜಗನ್ಮೋಹನ ಅರಮನೆಯ ಆವರಣದಲ್ಲಿ, 1933ರಲ್ಲಿ ಒಂದು ಯೋಗಶಾಲೆ ಶುರುವಾಯಿತು. ಆಶ್ರಯ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಕಲಿಸಿದವರು ಚಿತ್ರದುರ್ಗ ಸೀಮೆಯ ಮುಚುಕುಂಟೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು. ಇಂದು ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿ, ಟೋಕಿಯೋದಲ್ಲಿ ಯೋಗವೆಂದು ಜನ ಮಾಡುವ ಆಸನಗಳಲ್ಲಿ ದೊಡ್ಡ ಪಾಲು ಈ ಶಾಲೆಯ ಶಿಷ್ಯರ ಕೈಯಿಂದಲೇ ಹರಡಿದ್ದು.

ಅದೇ ರಸ್ತೆಯ ಈ ತುದಿಯಲ್ಲಿ, ಬಾಪೂಜಿ ನಗರ, ಅತ್ತಿಗುಪ್ಪೆ, ವಿಜಯನಗರ, ದೀಪಾಂಜಲಿ ನಗರಗಳಲ್ಲಿ, ಯೋಗ ಈಗ ಬೆಳಗಿನ ಹಾಲಿನಷ್ಟೇ ಮಾಮೂಲು. ಪಾರ್ಕಿನ ಕಟ್ಟೆ, ದೇವಸ್ಥಾನದ ಸಭಾಂಗಣ, ಶಾಲೆಯ ಪ್ರಾರ್ಥನಾ ಮಂದಿರ ಎಲ್ಲೆಲ್ಲೂ ಚಾಪೆಗಳು ಹಾಸಿಕೊಳ್ಳುತ್ತವೆ. ಬರುವವರಲ್ಲಿ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಕೂರುವ ಹೆಣ್ಣುಮಕ್ಕಳಿದ್ದಾರೆ, ಆಟೊ ಓಡಿಸುವವರಿದ್ದಾರೆ, ನಿವೃತ್ತ ಮೇಷ್ಟರಿದ್ದಾರೆ, ಕಂಪ್ಯೂಟರ್ ಮುಂದೆ ಕೂತು ಕುತ್ತಿಗೆ ಹಿಡಿಸಿಕೊಂಡ ಹುಡುಗರಿದ್ದಾರೆ. ಇಷ್ಟು ಬಗೆಯ ಮೈಗಳಿಗೆ ಒಂದೇ ಎಣಿಕೆ, ಒಂದೇ ಆಸನ, ಒಂದೇ ಅವಧಿ.

ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬುದು ಈ ಉಪನ್ಯಾಸದ ವಿಷಯ. ಮಿತಿ ಎನ್ನುವುದು ಕೈಲಾಗದವರಿಗೆಂದು ಈಚಿನವರು ಕೊಟ್ಟ ರಿಯಾಯಿತಿ ಎಂಬ ಭಾವನೆ ನಮ್ಮ ಯೋಗವಲಯದಲ್ಲಿ ಬಲವಾಗಿದೆ. ಇಲ್ಲಿನ ವಾದ ಇದಕ್ಕೆ ವಿರುದ್ಧವಾದದ್ದು. ಮಿತಿಯೇ ಹಳೆಯ ವಿಧಿ. ಅತಿ ಸೇರಿಕೊಂಡದ್ದು ಪ್ರದರ್ಶನದ ಜೊತೆಗೆ. ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಿಲ್ಲ, ಮೈಸೂರಿನ ಆ ಯೋಗಶಾಲೆಯ ಕಥೆಯೇ ಸಾಕು.

1. ಅರಮನೆಯ ಶಾಲೆ ಕಲಿಸಿದ ಪಾಠ

ಕೃಷ್ಣಮಾಚಾರ್ಯರ ಮೇಲೆ ಎರಡು ಹೊಣೆಗಳಿದ್ದವು. ಒಂದು, ಅರಮನೆಗೆ ಸಂಬಂಧಿಸಿದ ಹುಡುಗರಿಗೆ ಯೋಗ ಕಲಿಸುವುದು. ಇನ್ನೊಂದು, ಜನ ಮರೆತಿದ್ದ ವಿದ್ಯೆಯ ಕಡೆಗೆ ಅವರ ಕಣ್ಣು ತಿರುಗಿಸುವುದು. ಎರಡನೆಯದಕ್ಕಾಗಿ ಅವರು ಶಿಷ್ಯರನ್ನು ಕರೆದುಕೊಂಡು ಊರೂರಿನಲ್ಲಿ ಪ್ರಾತ್ಯಕ್ಷಿಕೆ ಕೊಟ್ಟರು. ಅರಮನೆಗೆ ಬಂದ ಗಣ್ಯರ ಎದುರು ಹುಡುಗರು ಬಿಲ್ಲಿನಂತೆ ಬಾಗಿದರು, ತಲೆಯ ಮೇಲೆ ನಿಂತರು. 1934ರಲ್ಲಿ ಅವರು ಬರೆದ ‘ಯೋಗ ಮಕರಂದ’ ಕನ್ನಡದಲ್ಲೇ ಪ್ರಕಟವಾಯಿತು. 1941ರಲ್ಲಿ ಬಂದ ‘ಯೋಗಾಸನಗಳು’ ಕೂಡ ಕನ್ನಡದ್ದೇ. ಈ ಎರಡನೆಯ ಪುಸ್ತಕದಲ್ಲಿ ಆಸನಗಳನ್ನು ಮೂರು ಹಂತಗಳಾಗಿ ವಿಂಗಡಿಸಿದ ಪಟ್ಟಿಯಿದೆ. ಎಲ್ಲರೂ ಎಲ್ಲವನ್ನೂ ಮಾಡುವುದಲ್ಲ ಎಂಬ ತಿಳಿವಳಿಕೆ ಪುಸ್ತಕದಲ್ಲಿತ್ತು. ವೇದಿಕೆಯ ಮೇಲೆ ಅದು ಯಾವಾಗಲೂ ಉಳಿಯುತ್ತಿರಲಿಲ್ಲ.

ಆ ಶಾಲೆಗೆ ಬಂದ ಹುಡುಗರಲ್ಲಿ ಗುರುಗಳ ಮೈದುನನೂ ಒಬ್ಬ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರ್ 14ರಂದು ಹುಟ್ಟಿದವನು. ಇನ್‌ಫ್ಲುಯೆಂಜಾ ಹರಡಿದ್ದ ವರ್ಷ ಅದು. ಬಸುರಿ ತಾಯಿಗೂ ಆ ಕಾಯಿಲೆ ತಗುಲಿತ್ತು. ಹುಟ್ಟಿದಾಗಿನಿಂದ ಕಡ್ಡಿಯಂಥ ಮೈ. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಒಂದರ ಹಿಂದೊಂದು ಬಂದುಹೋಗಿದ್ದವು. ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಎಂದು ಜಗತ್ತಿಗೆ ಪರಿಚಿತರಾದವರು ಇವರೇ.

ಅಯ್ಯಂಗಾರರು ಮತ್ತೆ ಮತ್ತೆ ಹೇಳಿಕೊಂಡ ಒಂದು ಘಟನೆ ಈ ವಿಷಯಕ್ಕೆ ನೇರ ಸಾಕ್ಷಿ. ಗಣ್ಯ ಅತಿಥಿಗಳ ಎದುರು ಹನುಮಾನಾಸನ ಮಾಡಿ ತೋರಿಸು ಎಂದು ಗುರುಗಳ ಅಪ್ಪಣೆಯಾಯಿತು. ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಪೂರ್ತಿ ಚಾಚಿ ನೆಲಕ್ಕೆ ಕೂರುವ ಕಠಿಣ ಆಸನ ಅದು. ಹುಡುಗ ಅದನ್ನು ಕಲಿತೇ ಇರಲಿಲ್ಲ. ಚಡ್ಡಿ ಬಿಗಿಯಾಗಿದೆ ಎಂದು ನೆಪ ಹೇಳಿ ನೋಡಿದ. ಕತ್ತರಿ ತರಿಸಿ ಚಡ್ಡಿಯ ಅಂಚನ್ನು ಕತ್ತರಿಸಲಾಯಿತು. ಬೇರೆ ದಾರಿಯಿರಲಿಲ್ಲ, ಮಾಡಿದ. ತೊಡೆಯ ಹಿಂಭಾಗದ ಸ್ನಾಯುಗಳು ಹರಿದವು. ನೋಡಿದವರು ಮೆಚ್ಚಿದರು. ಹುಡುಗನಿಗೆ ಬಹುಕಾಲ ಸರಿಯಾಗಿ ನಡೆಯಲಾಗಲಿಲ್ಲ.

ಆ ಹುಡುಗನ ಮೈ ಆಗದು ಎಂದಿತ್ತು. ನೆಪದ ಮರೆಯಲ್ಲಿ ಅವನು ಅದನ್ನು ಹೇಳಿಯೂ ಇದ್ದ. ಆದರೆ ಆ ಹೊತ್ತಿನಲ್ಲಿ ಆಸನದ ಅಳತೆ ಅವನ ಕೈಯಲ್ಲಿರಲಿಲ್ಲ, ನೋಡುವವರ ಕಣ್ಣಿನಲ್ಲಿತ್ತು. ಯೋಗದಿಂದ ಆಗುವ ಗಾಯಗಳನ್ನು ಬಿಡಿಸಿ ನೋಡಿದರೆ ಇದೇ ಹೆಣಿಗೆ ಮರುಕಳಿಸುತ್ತದೆ. ಪಕ್ಕದ ಚಾಪೆಯವರು, ಎದುರಿನ ಗುರುಗಳು, ಈಗ ಮೊಬೈಲ್ ಕ್ಯಾಮೆರಾ. ನೋಡುವ ಕಣ್ಣು ಬದಲಾಗಿದೆ ಅಷ್ಟೆ.

ಅಯ್ಯಂಗಾರರ ಮುಂದಿನ ಬದುಕು ಆ ದಿನಕ್ಕೆ ಕೊಟ್ಟ ಉದ್ದನೆಯ ಉತ್ತರದಂತಿದೆ. 1937ರಲ್ಲಿ ಪುಣೆಗೆ ಹೋದ ಅವರು ಅಲ್ಲೇ ನೆಲೆಸಿದರು. ಅವರು ಕಟ್ಟಿದ ಪದ್ಧತಿಯ ಗುರುತು ಹಗ್ಗ, ಮರದ ದಿಮ್ಮಿ, ಪಟ್ಟಿ, ಕಂಬಳಿ, ಕುರ್ಚಿ. ಕೈ ನೆಲಕ್ಕೆ ತಾಗದಿದ್ದರೆ ಬೆನ್ನನ್ನು ಎಳೆಯಬೇಡ, ನೆಲವನ್ನೇ ಒಂದು ದಿಮ್ಮಿಯಷ್ಟು ಮೇಲಕ್ಕೆ ತಂದುಕೋ ಎನ್ನುವುದು ಅದರ ಹಿಂದಿನ ಲೆಕ್ಕ. 1979ರ ಸ್ಕೂಟರ್ ಅಪಘಾತದಲ್ಲಿ ಅವರ ಬೆನ್ನಿಗೂ ಭುಜಕ್ಕೂ ಪೆಟ್ಟು ಬಿತ್ತು. ಅರವತ್ತು ದಾಟಿದ್ದ ಅವರು ತಾವೇ ಸರಳ ಆಸನಗಳಿಂದ ಮತ್ತೆ ಶುರುಮಾಡಿದರು. 1966ರ ಅವರ ಇಂಗ್ಲಿಷ್ ಪುಸ್ತಕದ ಚಿತ್ರಗಳನ್ನು ಗೋಡೆಗೆ ಅಂಟಿಸಿಕೊಂಡು ಅದೇ ಬಾಗು, ಅದೇ ತಿರುವು ನಮಗೂ ಬರಬೇಕೆಂದು ಹಟ ಹಿಡಿಯುವವರು ಈ ಎರಡನೇ ಅಯ್ಯಂಗಾರರನ್ನು ಮರೆಯುತ್ತಾರೆ. 2014ರಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ.

ಗುರುಗಳೂ ಬದಲಾದರು. ಮೈಸೂರಿನ ಯೋಗಶಾಲೆ 1950ರಲ್ಲಿ ಮುಚ್ಚಿತು. ಪಾರ್ಶ್ವವಾಯು ಬಡಿದಿದ್ದ ವಕೀಲರೊಬ್ಬರ ಕರೆಯ ಮೇಲೆ ಕೃಷ್ಣಮಾಚಾರ್ಯರು ಮದರಾಸು ಸೇರಿದರು. ಅಲ್ಲಿ ಅವರ ಮುಂದೆ ಕೂತವರು ಅರಮನೆಯ ಚುರುಕು ಹುಡುಗರಲ್ಲ. ರೋಗಿಗಳು, ಮುದುಕರು, ಗೃಹಸ್ಥರು. ಗುಂಪಿನ ಪಾಠ ಹೋಗಿ ಒಬ್ಬೊಬ್ಬರ ಪಾಠ ಬಂತು. ನಾಡಿ ಹಿಡಿದು ನೋಡಿ, ಊಟ, ಕೆಲಸ, ನಿದ್ದೆ ವಿಚಾರಿಸಿ, ಆ ಮನುಷ್ಯನಿಗೆ ಹೊಂದುವ ನಾಲ್ಕಾರು ಆಸನ, ಒಂದೆರಡು ಪ್ರಾಣಾಯಾಮ. ಆಸನಕ್ಕೆ ತಕ್ಕಂತೆ ಮನುಷ್ಯನನ್ನು ಬಗ್ಗಿಸುವ ಬದಲು ಮನುಷ್ಯನಿಗೆ ತಕ್ಕಂತೆ ಆಸನವನ್ನು ಬಗ್ಗಿಸುವ ಈ ಕ್ರಮವನ್ನು ಮಗ ಟಿ.ಕೆ.ವಿ. ದೇಶಿಕಾಚಾರ್ ಮುಂದುವರಿಸಿ, 1976ರಲ್ಲಿ ತಂದೆಯ ಹೆಸರಿನಲ್ಲಿ ಯೋಗ ಮಂದಿರ ಕಟ್ಟಿದರು. ಕೃಷ್ಣಮಾಚಾರ್ಯರು 1989ರಲ್ಲಿ, ನೂರು ವರ್ಷ ತುಂಬಿದ ಮೇಲೆ ಹೋದರು. ಮೈಸೂರಿನ ಹುರುಪು ಮತ್ತು ಮದರಾಸಿನ ತಾಳ್ಮೆ ಎರಡೂ ಒಬ್ಬರದೇ. ಎರಡನೆಯದು ಅನುಭವದಿಂದ ಬಂದದ್ದು.

ಇದೇ ಶಾಲೆಯ ಇನ್ನೊಬ್ಬ ಶಿಷ್ಯರು ಹಾಸನ ಸೀಮೆಯ ಕೌಶಿಕದ ಕೆ. ಪಟ್ಟಾಭಿ ಜೋಯಿಸರು. ಅವರ ‘ಯೋಗಮಾಲಾ’ 1962ರಲ್ಲಿ ಕನ್ನಡದಲ್ಲಿ ಬಂತು. ಬೆವರು ಸುರಿಯುವ ಅಷ್ಟಾಂಗ ವಿನ್ಯಾಸ ಅವರ ಹೆಸರಿನೊಂದಿಗೆ ಲೋಕವನ್ನೆಲ್ಲ ಸುತ್ತಿದೆ. ಹೊರಗಿನಿಂದ ನೋಡಿದರೆ ಮಿತಿಗೂ ಅದಕ್ಕೂ ದೂರ. ಆದರೆ ‘ಮೈಸೂರು ಶೈಲಿ’ ಎಂದು ಹೆಸರಾದ ತರಗತಿಯಲ್ಲಿ ಎಲ್ಲರೂ ಒಂದೇ ಎಣಿಕೆಗೆ ಕುಣಿಯುವುದಿಲ್ಲ. ಒಬ್ಬೊಬ್ಬರೂ ತಮ್ಮ ಉಸಿರಿನ ಗತಿಯಲ್ಲಿ ಮಾಡುತ್ತಾರೆ. ಈಗಿರುವ ಆಸನ ಕೂಡಿಬರುವ ತನಕ ಗುರು ಮುಂದಿನದನ್ನು ಕೊಡುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಗೆ ರಜೆ. ಆ ಕಡುಪದ್ಧತಿಯೂ ತನ್ನೊಳಗೆ ತಡೆಗಳನ್ನು ಇಟ್ಟುಕೊಂಡಿದೆ.

2. ಗ್ರಂಥಗಳು ಇಟ್ಟ ಗಡಿ

ವ್ಯಾಯಾಮವನ್ನು ಎಲ್ಲಿಯವರೆಗೆ ಮಾಡಬೇಕು ಎಂಬುದಕ್ಕೆ ಸುಶ್ರುತ ಸಂಹಿತೆ ಖಚಿತವಾದ ಅಳತೆ ಕೊಡುತ್ತದೆ: ಇರುವ ಬಲದ ಅರ್ಧ. ಅರ್ಧವಾಯಿತೆಂದು ಗೊತ್ತಾಗುವುದು ಹೇಗೆ? ಎದೆಯೊಳಗೆ ನೆಮ್ಮದಿಯಾಗಿದ್ದ ಉಸಿರು ಬಾಯಿಗೆ ಬಂದು, ಮೂಗು ಸಾಲದೆ ಬಾಯಿ ತೆರೆಯಬೇಕಾದಾಗ ಅರ್ಧ ಬಲ ಖರ್ಚಾಯಿತೆಂದು ತಿಳಿ. ಹಣೆ, ಮೂಗು, ಕಂಕುಳು, ಸಂದುಗಳಲ್ಲಿ ಬೆವರೊಡೆಯುವುದನ್ನೂ, ಬಾಯಿ ಒಣಗುವುದನ್ನೂ ಆಯುರ್ವೇದ ಪರಂಪರೆ ಈ ಗುರುತುಗಳ ಜೊತೆ ಸೇರಿಸಿತು. ವಾಗ್ಭಟನ ಅಷ್ಟಾಂಗ ಹೃದಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಅರ್ಧ ಬಲವೂ ಗಟ್ಟಿ ಮೈಯವರಿಗೆ, ಜಿಡ್ಡಿನ ಊಟ ಮಾಡುವವರಿಗೆ, ಅದೂ ಚಳಿಗಾಲ ಮತ್ತು ವಸಂತದಲ್ಲಿ ಎನ್ನುತ್ತದೆ. ಉಳಿದವರಿಗೆ, ಉಳಿದ ಕಾಲದಲ್ಲಿ ಇನ್ನೂ ಕಡಿಮೆ. ಮಿತಿ ಮೀರಿದರೆ ಬಾಯಾರಿಕೆ, ಮೈಕರಗು, ಉಬ್ಬಸ, ಕೆಮ್ಮು, ಜ್ವರ ಎಂದು ರೋಗಗಳ ಪಟ್ಟಿಯೂ ಅಲ್ಲಿದೆ. ಇಂದಿನ ವ್ಯಾಯಾಮ ತಜ್ಞರು ಮಾತಾಡುತ್ತಾ ಮಾಡಲಾದರೆ ಅದು ಹದವಾದ ಶ್ರಮ, ಮಾತು ತುಂಡಾದರೆ ಜೋರು ಎಂದು ಅಳೆಯುವುದೂ ಹೆಚ್ಚು ಕಡಿಮೆ ಇದೇ ಉಸಿರಿನ ಮಾಪನ.

ಹಠಯೋಗದ ಗ್ರಂಥವಾದರೂ ಹಟವನ್ನು ಹೊಗಳಬೇಕಿತ್ತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಸುಮಾರು ಹದಿನೈದನೇ ಶತಮಾನದ ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆ ಯೋಗವನ್ನು ಕೆಡಿಸುವ ಆರು ಸಂಗತಿಗಳನ್ನು ಎಣಿಸುತ್ತದೆ. ಅತಿ ಊಟ ಮೊದಲನೆಯದು, ಅತಿ ಶ್ರಮ ಎರಡನೆಯದು. ಮಾತಿನ ಚಪಲ, ಜನಸಂಗ, ಮನಸ್ಸಿನ ಚಾಂಚಲ್ಯದ ಜೊತೆಗೆ ನಿಯಮಗಳಿಗೆ ಕಚ್ಚಿಕೊಳ್ಳುವುದನ್ನೂ ಅದು ಕೆಡುಕಿನ ಪಟ್ಟಿಗೇ ಹಾಕಿದೆ. ಚಳಿಯಲ್ಲಿ ತಣ್ಣೀರು ಮಿಂದು ಮೈಯನ್ನು ದಂಡಿಸುವಂಥ ಹಟಗಳು ಇಲ್ಲಿ ಬರುತ್ತವೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಪ್ರಾಣಾಯಾಮದ ವಿಷಯದಲ್ಲಂತೂ ಅದರ ಎಚ್ಚರಿಕೆ ಕಠೋರ: ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಮೆಲ್ಲಮೆಲ್ಲನೆ ಹೋಗಬೇಕು, ಇಲ್ಲವಾದರೆ ಸಾಧಕನಿಗೇ ಕುತ್ತು. ಗೀತೆಯ ಆರನೇ ಅಧ್ಯಾಯ ಊಟ, ನಿದ್ದೆ, ದುಡಿಮೆ ಮೂರರಲ್ಲೂ ಹದ ಕೇಳುತ್ತದೆ. ಪತಂಜಲಿಯಂತೂ ಆಸನಕ್ಕೆ ಕೇಳಿದ್ದು ಎರಡೇ ಗುಣ, ಅಲುಗದಿರುವುದು ಮತ್ತು ಹಿತವಾಗಿರುವುದು; ಅದು ಕೈಗೂಡಲು ಹೇಳಿದ ಉಪಾಯವೂ ಪ್ರಯತ್ನವನ್ನು ಸಡಿಲಿಸುವುದೇ.

ಕನ್ನಡದ ನೆನಪಿನಲ್ಲಿ ಈ ವಾದಕ್ಕೆ ಒಂದು ದೊಡ್ಡ ದೃಶ್ಯವಿದೆ. ಶೂನ್ಯಸಂಪಾದನೆಯಲ್ಲಿ ಗೋರಕ್ಷ ಅಲ್ಲಮನಿಗೆ ಎದುರಾಗುತ್ತಾನೆ. ಸಾಧನೆಯಿಂದ ವಜ್ರದಂತೆ ಗಡುಸಾದ ದೇಹ ಅವನದು. ಅಲ್ಲಮ ಖಡ್ಗದಿಂದ ಹೊಡೆದರೆ ಖಣಿಲೆನ್ನುತ್ತದೆ, ಕೂದಲೂ ಕೊಂಕದು. ಗೋರಕ್ಷ ಹೆಮ್ಮೆಪಡುತ್ತಾನೆ. ಅವನೇ ಖಡ್ಗ ತೆಗೆದುಕೊಂಡು ಅಲ್ಲಮನಿಗೆ ಬೀಸಿದರೆ ಅದು ಬಯಲಿನಲ್ಲಿ ಬೀಸಿದಂತೆ ಆಚೆಗೆ ಹೋಗುತ್ತದೆ. ದೇಹವನ್ನು ಗಡುಸು ಮಾಡಿ ಮೆರೆಯುವುದನ್ನು ಯೋಗವೆಂದು ಒಪ್ಪದ ಈ ಪ್ರಸಂಗವನ್ನು ಕನ್ನಡ ನಾಡು ಶತಮಾನಗಳಿಂದ ಹೇಳಿಕೊಂಡು ಬಂದಿದೆ.

3. ಮಂಡಿ, ಕುತ್ತಿಗೆ, ಕಣ್ಣು

ಮಾತು ಈಗ ಮೈಗೆ ಬರಬೇಕು. ಪದ್ಮಾಸನ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಮಂಡಿಯ ಕೀಲು ಮುಖ್ಯವಾಗಿ ಮಡಚುವುದಕ್ಕೂ ಬಿಡಿಸುವುದಕ್ಕೂ ಇದೆ. ತಿರುಗುವ ಕೆಲಸ ಸೊಂಟದ ಕೀಲಿನದು. ಸೊಂಟ ಹೊರಕ್ಕೆ ತಿರುಗದಿದ್ದಾಗ ಪಾದವನ್ನು ಕೈಯಲ್ಲಿ ಎಳೆದು ತೊಡೆಯ ಮೇಲೆ ಇಟ್ಟರೆ ಆ ತಿರುಚನ್ನೆಲ್ಲ ಮಂಡಿಯೇ ತಿನ್ನಬೇಕು, ಒಳಗಿನ ಮೆದು ಮೂಳೆಯ ಪಟ್ಟಿ ಹರಿಯಬಹುದು. ಹಿಂದಿನವರು ಚಾಪೆಯ ಮೇಲೆ ಉಂಡು, ಕುಕ್ಕರಗಾಲಲ್ಲಿ ಕೂತು ರುಬ್ಬಿ, ಬಟ್ಟೆ ಒಗೆದು ಬದುಕಿದವರು. ಅವರ ಸೊಂಟ ತಾನಾಗಿ ಸಡಿಲವಿತ್ತು. ಕಮೋಡು, ಸೋಫಾ, ಸ್ಕೂಟರಿನ ಸೀಟಿನ ಮೇಲೆ ಬೆಳೆದವರಿಗೆ ಆ ಸೊಂಟ ಒಂದೇ ತಿಂಗಳಲ್ಲಿ ವಾಪಸು ಬರುವುದಿಲ್ಲ.

ಶೀರ್ಷಾಸನದ ಲೆಕ್ಕ ಇನ್ನೂ ಸ್ಪಷ್ಟ. ಅಮೆರಿಕದ ಟೆಕ್ಸಾಸ್‌ನಲ್ಲಿ ಅನುಭವಿ ಅಭ್ಯಾಸಿಗಳನ್ನು ಅಳತೆಯ ಹಲಗೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ ನೋಡಿದಾಗ, ತಲೆಯ ಮೇಲೆ ಬೀಳುವ ಗರಿಷ್ಠ ಭಾರ ದೇಹತೂಕದ ಶೇ. 40ರಿಂದ 48ರಷ್ಟಿತ್ತು. ಎಪ್ಪತ್ತು ಕಿಲೋ ತೂಗುವವರ ಕುತ್ತಿಗೆಯ ಮೇಲೆ ಸುಮಾರು ಮೂವತ್ತು ಕಿಲೋ, ಅಂದರೆ ಒಂದು ಅಕ್ಕಿ ಮೂಟೆ. ಚೆನ್ನೈನ ನೇತ್ರತಜ್ಞರು 75 ಯೋಗಾಭ್ಯಾಸಿಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಆಸನದ ಹೊತ್ತಿನಲ್ಲಿ ಕಣ್ಣೊಳಗಿನ ಒತ್ತಡ ಎರಡು ಪಟ್ಟಾಗುವುದು ಕಂಡಿತು. ಗ್ಲಾಕೋಮಾ ಇರುವವರಿಗೆ ಇದು ಸಣ್ಣ ಮಾತಲ್ಲ. ಆ ಕಾಯಿಲೆ ಬಹಳ ಕಾಲ ಸದ್ದಿಲ್ಲದೆ ಇರುತ್ತದೆ, ತಮಗಿದೆ ಎಂದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ಮುಂದಕ್ಕೆ ಬಾಗುವ ಆಸನ ನಿರಪಾಯ ಎಂಬ ನಂಬಿಕೆಯೂ ಎಲ್ಲರಿಗೆ ಅನ್ವಯಿಸದು. ಮುಟ್ಟು ನಿಂತು ಮೂಳೆ ಸವೆದ ಹೆಂಗಸರ ಮೇಲೆ ಅಮೆರಿಕದ ಮೇಯೊ ಕ್ಲಿನಿಕ್ 1984ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಬೆನ್ನನ್ನು ಮುಂದಕ್ಕೆ ಬಾಗಿಸುವ ವ್ಯಾಯಾಮ ಮಾಡಿದವರಲ್ಲಿ ಶೇ. 89ರಷ್ಟು ಮಂದಿಗೆ ಹೊಸದಾಗಿ ಬೆನ್ನುಮೂಳೆಯ ಕುಸಿತ ಕಂಡುಬಂದರೆ, ಹಿಂದಕ್ಕೆ ನಿಗುರಿಸುವ ವ್ಯಾಯಾಮ ಮಾಡಿದವರಲ್ಲಿ ಅದು ಶೇ. 16 ಮಾತ್ರ. ಪಾದಹಸ್ತಾಸನದಲ್ಲಿ ಅಜ್ಜಿಯರ ಬೆನ್ನನ್ನು ಒತ್ತಿ ಬಗ್ಗಿಸುವ ಶಿಕ್ಷಕರು ಈ ಅಂಕಿಗಳನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು. ವಜ್ರಾಸನದಲ್ಲಿ ಗಂಟೆಗಟ್ಟಲೆ ಕೂತು ನರ ಒತ್ತಿಹೋಗಿ, ಪಾದ ಎತ್ತಲಾಗದೆ ಹೋದ ಪ್ರಕರಣ 1971ರಷ್ಟು ಹಿಂದೆಯೇ ವೈದ್ಯಪತ್ರಿಕೆಯಲ್ಲಿ ದಾಖಲಾಗಿದೆ. ಕಪಾಲಭಾತಿಯನ್ನು ಅತಿಯಾಗಿ ಮಾಡಿ ಶ್ವಾಸಕೋಶದ ಸುತ್ತ ಗಾಳಿ ಸೋರಿದ ಯುವತಿಯೊಬ್ಬಳ ಪ್ರಕರಣ 2004ರಲ್ಲಿ ವರದಿಯಾಯಿತು.

ಯೋಗವೇ ಅಪಾಯ ಎಂದು ಇದರಿಂದ ತೀರ್ಮಾನಿಸಿದರೆ ತಪ್ಪಾಗುತ್ತದೆ. 2013ರವರೆಗೆ ಪ್ರಕಟವಾದ ವೈದ್ಯ ಪ್ರಕರಣಗಳನ್ನು ಒಟ್ಟುಗೂಡಿಸಿದ ಜರ್ಮನಿಯ ಸಂಶೋಧಕರಿಗೆ ಸಿಕ್ಕಿದ್ದು 76 ಮಂದಿಯ ವಿವರ. ಕೋಟ್ಯಂತರ ಜನ ಮಾಡುವ ಅಭ್ಯಾಸಕ್ಕೆ ಇದು ಅಲ್ಪ, ವರದಿಯಾಗದವು ಎಷ್ಟೇ ಇರಲಿ. ಆ ಪಟ್ಟಿಯಲ್ಲಿ ಹೆಚ್ಚು ಸಲ ಕಾಣುವ ಹೆಸರು ಶೀರ್ಷಾಸನದ್ದು. ಸರ್ವಾಂಗಾಸನ, ಪದ್ಮಾಸನ ಮತ್ತು ರಭಸದ ಉಸಿರಾಟವೂ ಅಲ್ಲಿವೆ. ಇನ್ನೊಂದೆಡೆ ಹಳೆಯ ಸೊಂಟನೋವಿಗೆ ಔಷಧಕ್ಕಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ಯೋಗವೂ ಒಂದೆಂದು ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಮಾರ್ಗಸೂಚಿ ಕೊಟ್ಟಿತು. ನಮ್ಮದೇ ನಗರದ ನಿಮ್ಹಾನ್ಸ್ ಖಿನ್ನತೆಯಂಥ ಕಾಯಿಲೆಗಳಲ್ಲಿ ಯೋಗದ ಉಪಯೋಗವನ್ನು ದಶಕಗಳಿಂದ ಅಧ್ಯಯನ ಮಾಡುತ್ತಿದೆ, ಜಿಗಣಿಯ ಪ್ರಶಾಂತಿ ಕುಟೀರದಲ್ಲಿ ಕಾಯಿಲೆಗೆ ತಕ್ಕಂತೆ ಅಭ್ಯಾಸ ಹೊಂದಿಸುವ ಚಿಕಿತ್ಸೆ ನಡೆದಿದೆ. ಗುಣ ಕಂಡಲ್ಲೆಲ್ಲ ಆಸನಗಳು ಸರಳ, ಪ್ರಮಾಣ ಹಿತ, ಕಲಿಸುವವರಿಗೆ ರೋಗಿಯ ಪರಿಚಯವಿದೆ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ, ‘ತಿರುಕ’ ಎಂಬ ಹೆಸರಿನಲ್ಲಿ ಬರೆದವರು, ನಾಡಿನ ಊರೂರಲ್ಲಿ ಯೋಗ ಶಿಬಿರ ನಡೆಸಿದಾಗ ಅವರು ಆಯುರ್ವೇದ ವೈದ್ಯರೂ ಆಗಿದ್ದದ್ದು ಗಮನಿಸಬೇಕಾದ ಸಂಗತಿ.

4. ಕೇಳಿಸಿಕೊಳ್ಳುವ ಬಗೆ

ಮೈಯ ಮಾತು ಕೇಳಿ ಎಂದು ಹೇಳುವುದು ಸುಲಭ. ಅದು ಯಾವ ಭಾಷೆಯಲ್ಲಿ ಮಾತಾಡುತ್ತದೆ ಎಂದು ಕಲಿಸುವವರು ಕಡಿಮೆ. ಸ್ನಾಯುವಿನ ನಡುಭಾಗದಲ್ಲಿ ಹರಡಿದಂತೆ ಬರುವ, ಆಸನ ಬಿಟ್ಟೊಡನೆ ಇಳಿಯುವ ಎಳೆತ ಸಹಜ. ಕೀಲಿನಲ್ಲಿ ಚುಚ್ಚುವ ನೋವು, ಕಾಲಿಗೋ ಕೈಗೋ ಇಳಿಯುವ ಮಿಂಚು, ಜೋಮು, ಕಣ್ಣುಕತ್ತಲೆ ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಇವೆಲ್ಲಕ್ಕಿಂತ ಮೊದಲು ಸುಳಿವು ಕೊಡುವುದು ಉಸಿರು. ಅದು ತಡೆದರೆ, ಹಲ್ಲು ಕಚ್ಚಿಕೊಂಡರೆ, ಅರ್ಧ ಬಲದ ಗೆರೆ ದಾಟಿಯಾಗಿದೆ. ಹೊಸಬರಿಗೆ ಒಂದೆರಡು ದಿನ ಮೈಕೈ ನೋವು ಇರುವುದುಂಟು. ವಾರ ಕಳೆದರೂ ಹೋಗದ ನೋವು ಅಭ್ಯಾಸದ್ದಲ್ಲ, ಗಾಯದ್ದು.

ಹೊಲಿಗೆ ಯಂತ್ರದ ಮುಂದೆ ದಿನವಿಡೀ ಬಗ್ಗಿದ ಬೆನ್ನಿಗೆ ಮತ್ತೆ ಮುಂದಕ್ಕೆ ಬಾಗುವುದಕ್ಕಿಂತ ಹಗುರವಾದ ಭುಜಂಗಾಸನ, ಸೇತುಬಂಧಾಸನ ಹಿತ. ಆಟೊ ಓಡಿಸುವವರಿಗೆ ಸೊಂಟ ಬಿಡಿಸುವ ನಿಧಾನದ ಚಲನೆ ಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಒಂದು ಗಂಟೆ ಬೆವರು ಸುರಿಸಿದರೆ ಸಕ್ಕರೆ ದಿಢೀರನೆ ಇಳಿದು ತಲೆಸುತ್ತು ಬರಬಹುದು. ಬಿಪಿ, ಹೃದ್ರೋಗ, ಫಿಟ್ಸ್ ಇರುವವರಿಗೆ ಕಪಾಲಭಾತಿ ಬೇಡ. ಮೈಸೂರು ರಸ್ತೆಯ ವಾಹನಗಳ ಹೊಗೆ ತುಂಬಿದ ಹೊತ್ತಿನಲ್ಲಿ ರಸ್ತೆ ಬದಿ ಕೂತು ದೀರ್ಘವಾಗಿ ಉಸಿರೆಳೆಯುವುದರಿಂದ ಯಾರಿಗೂ ಲಾಭವಿಲ್ಲ.

ಗುಂಪಿನ ಉತ್ಸಾಹದ ಬಗ್ಗೆ ಎರಡು ಮಾತು. ರಥಸಪ್ತಮಿಯಂದು ಬೆಂಗಳೂರಿನ ಹಲವೆಡೆ 108 ಸೂರ್ಯನಮಸ್ಕಾರ ನಡೆಯುತ್ತದೆ. ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದಕ್ಕೆ ಬಾಗುವುದೆಂದರೆ ಒಟ್ಟು 216 ಸಲ, ಭುಜಗಳ ಮೇಲೆ ಮೈಭಾರ ಇಳಿಯುವುದು 108 ಸಲ. ವರ್ಷವಿಡೀ ಹನ್ನೆರಡು ಮಾಡಿ ರೂಢಿಯಿರುವವರು ಒಂದೇ ಬೆಳಗ್ಗೆ ಅದರ ಒಂಬತ್ತು ಪಟ್ಟು ಮಾಡುತ್ತಾರೆ. ವಿಶ್ವಸಂಸ್ಥೆ 2014ರ ಡಿಸೆಂಬರ್ 11ರಂದು 177 ದೇಶಗಳ ಸಹಪ್ರಾಯೋಜಕತ್ವದಲ್ಲಿ ಒಪ್ಪಿದ ಯೋಗ ದಿನ 2015ರಿಂದ ಪ್ರತಿ ಜೂನ್ 21ರಂದು ನಡೆಯುತ್ತಿದೆ. 2022ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಮೈಸೂರಿನ ಅರಮನೆಯ ಎದುರೇ ನಡೆಯಿತು. ಆ ದಿನಕ್ಕೆಂದು ಆಯುಷ್ ಸಚಿವಾಲಯ ರೂಪಿಸಿದ 45 ನಿಮಿಷದ ಕ್ರಮದಲ್ಲಿ ಶೀರ್ಷಾಸನವಿಲ್ಲ, ಸರ್ವಾಂಗಾಸನವಿಲ್ಲ. ಮೊದಲು ಕೀಲು ಸಡಿಲಿಸುವ ಚಲನೆ, ಆಮೇಲೆ ಸರಳ ಆಸನ, ಜೊತೆಗೆ ಯಾರು ಮಾಡಬಾರದು ಎಂಬ ಎಚ್ಚರಿಕೆ. ಸರ್ಕಾರಿ ಪುಸ್ತಿಕೆ ಇಷ್ಟು ಹದವಾಗಿರುವಾಗ ವಾರ್ಡ್ ಮಟ್ಟದ ಶಿಬಿರಗಳು ಅದಕ್ಕಿಂತ ಕಠಿಣವಾಗಿರಬೇಕಾದ ಕಾರಣವಿಲ್ಲ.

ಬಾಪೂಜಿ ನಗರದ ಸುತ್ತಮುತ್ತ ಉಚಿತವಾಗಿ, ಚಳಿ ಮಳೆ ಎನ್ನದೆ ಬೆಳಗಿನ ತರಗತಿ ನಡೆಸುವವರ ಸೇವೆ ದೊಡ್ಡದು. ಅವರಲ್ಲಿ ಕೋರಿಕೆ ಇಷ್ಟೆ. ಹೊಸಬರು ಬಂದ ದಿನ ವಯಸ್ಸು, ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ, ಹಿಂದೆ ಆದ ಆಪರೇಷನ್ ಕೇಳಿ ಬರೆದಿಟ್ಟುಕೊಳ್ಳಿ. ಬೆನ್ನ ಮೇಲೆ ಕೈಯಿಟ್ಟು ಒತ್ತುವುದನ್ನು ಬಿಡಿ. ನೆಲಕ್ಕೆ ಕೂರಲಾಗದವರಿಗಾಗಿ ಸಭಾಂಗಣದ ಮೂಲೆಯಲ್ಲಿ ನಾಲ್ಕು ಕುರ್ಚಿ ಇರಲಿ. ಮುಂದಿನ ರಥಸಪ್ತಮಿಗೆ 108ರ ಫಲಕದ ಕೆಳಗೆ ಇನ್ನೊಂದು ಸಾಲು ಸೇರಿಸಿ: ಹನ್ನೆರಡಕ್ಕೆ ನಿಲ್ಲಿಸಿದವರಿಗೂ ಪ್ರಸಾದ ಉಂಟು.